ಮನೆ ಬದಲಿಸುವಾಗ ಅಂಗಳದ ಹೂಮರವನ್ನೂ ಒಯ್ಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಖಾಲಿ ಮಾಡುವಾಗ ಪಾತ್ರೆ ಪಗಡೆಗೆ, ಬೀರು ಮಂಚಕ್ಕೆ ಎಲ್ಲರೂ ಲೆಕ್ಕ ಹಾಕಿರುತ್ತಾರೆ. ಅಂಗಳದ ಪಾರಿಜಾತ ನೆನಪಾಗುವುದು ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ. ಆಗ ಹಾರೆ ಹುಡುಕಿ, ಅರ್ಧ ಗಂಟೆಯಲ್ಲಿ ಕಿತ್ತು, ಸಿಮೆಂಟ್ ಚೀಲಕ್ಕೆ ತುರುಕಿ ಒಯ್ದ ಗಿಡ ವಾರದೊಳಗೆ ಒಣಗುತ್ತದೆ. ಮನೆ ಬಿಡುವ ದಿನಾಂಕ ಬೇರೆ, ಮರ ಕೀಳುವ ದಿನಾಂಕ ಬೇರೆ ಎಂದು ಮೊದಲೇ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿರುವ ಉತ್ತರಗಳು ನೆಲದಲ್ಲಿ ನೆಟ್ಟು ಎರಡರಿಂದ ಐದು ವರ್ಷವಾದ ಹೂಮರಗಳಿಗೆ ಸಂಬಂಧಿಸಿದವು. ಬೆಂಗಳೂರು, ಮೈಸೂರು ಕಡೆಯ ಕೆಂಪು ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಕರಾವಳಿ, ಮಲೆನಾಡು ಮತ್ತು ಎರೆ ಭೂಮಿಯ ಮಾತು ಅಲ್ಲಲ್ಲಿ ಬರುತ್ತದೆ.

ನಾಲ್ಕು ವರ್ಷದ ಮರ ಕಿತ್ತು ನೆಟ್ಟರೆ ಬದುಕುತ್ತದೆಯೇ?

ಬದುಕುತ್ತದೆ, ಬೇರನ್ನು ಸಿದ್ಧಪಡಿಸಿ ಕಿತ್ತರೆ. ಮರದ ಬೇರು ನಾವು ಅಂದುಕೊಂಡಂತೆ ನೇರವಾಗಿ ಪಾತಾಳಕ್ಕೆ ಇಳಿದಿರುವುದಿಲ್ಲ. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ಹರವನ್ನೂ ಮೀರಿ ಸುತ್ತ ಹಬ್ಬಿರುತ್ತವೆ. ಬುಡದ ಸುತ್ತ ಒಂದಿಷ್ಟು ಮಣ್ಣಿನ ಸಮೇತ ಕಿತ್ತಾಗ ಈ ಸಣ್ಣ ಬೇರುಗಳ ಬಹುಪಾಲು ಹಳೆಯ ಅಂಗಳದಲ್ಲೇ ಉಳಿದುಬಿಡುತ್ತದೆ. ಎಲೆಗಳು ಮಾತ್ರ ಮೊದಲಿನಷ್ಟೇ ನೀರು ಕೇಳುತ್ತಿರುತ್ತವೆ. ಕಿತ್ತ ಮರ ಸಾಯುವುದು ಈ ಲೆಕ್ಕ ತಪ್ಪಿದ್ದರಿಂದಲೇ ಹೊರತು ಸ್ಥಳ ಬದಲಾದ ದುಃಖದಿಂದಲ್ಲ.

ಕಾಂಡದ ಸುತ್ತಳತೆ ಹದಿನೈದು ಸೆಂಟಿಮೀಟರಿನೊಳಗಿದ್ದರೆ ಮನೆಯವರೇ ನಾಲ್ಕು ಜನ ಸೇರಿ ಮಾಡಬಹುದು. ಅದಕ್ಕಿಂತ ದಪ್ಪವಾಗಿದ್ದರೆ ಕೂಲಿಯವರು, ಹಲಗೆ, ಹಗ್ಗ ಎಲ್ಲ ಬೇಕಾಗುತ್ತದೆ. ಮೆಟ್ರೊ ಕಾಮಗಾರಿಗೆ ಅಡ್ಡ ಬಂದ ದೊಡ್ಡ ಮರಗಳನ್ನು ಕ್ರೇನಿನಲ್ಲಿ ಎತ್ತಿ ಸಾಗಿಸಿದ್ದನ್ನು ಬೆಂಗಳೂರಿನವರು ನೋಡಿದ್ದಾರೆ. ಅದು ಬೇರೆಯೇ ಖರ್ಚಿನ ಕೆಲಸ, ಮನೆಮಟ್ಟಿಗೆ ಮಾದರಿಯಲ್ಲ.

ಯಾವ ಮರ ಸುಲಭ, ಯಾವುದು ಕಷ್ಟ?

ದೇವಕಣಗಿಲೆಯಷ್ಟು ಸಹನೆಯ ಮರ ಇನ್ನೊಂದಿಲ್ಲ. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ, ಚಳಿಗಾಲದ ಕೊನೆಗೆ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿರುತ್ತದೆ. ಆ ಹೊತ್ತಿನಲ್ಲಿ ಕಿತ್ತರೆ ಮಣ್ಣು ಉದುರಿ ಹೋದರೂ ಚಿಂತೆಯಿಲ್ಲ. ಬೇರಿನ ಗಾಯ ಆರಲೆಂದು ಕೆಲವು ದಿನ ನೆರಳಿನಲ್ಲಿ ಒರಗಿಸಿಟ್ಟು ಆಮೇಲೆ ನೆಟ್ಟರೂ ಚಿಗುರುತ್ತದೆ.

ಪಾರಿಜಾತ, ಹೊಳೆದಾಸವಾಳ, ಎಳೆಯ ತಬೇಬುಯಗಳು ಎಚ್ಚರಿಕೆಯಿಂದ ಕಿತ್ತರೆ ಹಿಡಿಯುತ್ತವೆ. ಅಲಂಕಾರಿಕ ತಾಳೆಗಳೂ ಅಷ್ಟೆ. ಆದರೆ ತಾಳೆಗೆ ಬೆಳೆಯುವ ಕುಡಿ ಒಂದೇ, ಅದು ನೆತ್ತಿಯಲ್ಲಿದೆ. ಸಾಗಿಸುವಾಗ ಅದು ಮುರಿದರೆ ಮರ ಮುಗಿದಂತೆಯೇ.

ಸಂಪಿಗೆ ಕಷ್ಟದ ಗಿರಾಕಿ. ಅದರ ಬೇರು ಮೆತ್ತಗೆ, ತಿರುಳು ತುಂಬಿ ದಪ್ಪಗಿರುತ್ತದೆ. ತುಂಡಾದ ಕಡೆ ಬೇಗ ಕೊಳೆಯುತ್ತದೆ, ಹೊಸ ಬೇರು ನಿಧಾನವಾಗಿ ಬರುತ್ತದೆ. ಕಕ್ಕೆಗೆ ತಾಯಿಬೇರು ಆಳ, ಅದನ್ನು ಕತ್ತರಿಸಿದರೆ ಮುನಿಸಿಕೊಳ್ಳುತ್ತದೆ. ಸೀತಾ ಅಶೋಕ ಮತ್ತು ಬಕುಳ ಸಾಯದಿದ್ದರೂ ಬಹಳ ಕಾಲ ಸುಮ್ಮನೆ ನಿಂತುಬಿಡುತ್ತವೆ. ಈ ನಾಲ್ಕರಲ್ಲಿ ಯಾವುದಾದರೂ ಆಳೆತ್ತರ ದಾಟಿದ್ದರೆ ಅಲ್ಲೇ ಬಿಟ್ಟು ಹೊಸ ಮನೆಗೆ ಹೊಸ ಸಸಿ ತರುವುದು ಲೇಸು. ಕಸಿ ಮಾಡಿದ ಸಂಪಿಗೆ ಸಸಿ ನೆಟ್ಟರೆ, ಬೀಜದಿಂದ ಬೆಳೆಸಿದ್ದಕ್ಕಿಂತ ಎಷ್ಟೋ ಮೊದಲೇ ಹೂ ಬಿಡುತ್ತದೆ.

ಗುಲ್‌ಮೊಹರ್ ಬಗ್ಗೆ ಕೇಳುವವರೂ ಇದ್ದಾರೆ. ಕೀಳಬಹುದು, ನೆಡಬಹುದು. ಆದರೆ ಮೂವತ್ತು ನಲವತ್ತರ ನಿವೇಶನದಲ್ಲಿ ಗುಲ್‌ಮೊಹರ್ ನೆಡುವವರಿಗೆ ಪಕ್ಕದ ಮನೆಯವರ ಪರವಾಗಿ ನನ್ನದೊಂದು ವಿರೋಧವಿದೆ.

ಯಾವ ತಿಂಗಳು ಒಳ್ಳೆಯದು?

ಮೃಗಶಿರಾ ಮಳೆ ಬಿದ್ದು ನೆಲ ನೆನೆದ ಮೇಲೆ, ಅಂದರೆ ಜೂನ್ ಎರಡನೇ ವಾರದಿಂದ ಜುಲೈವರೆಗೆ. ಆಕಾಶದಲ್ಲಿ ಮೋಡ, ಗಾಳಿಯಲ್ಲಿ ತೇವ, ಮಣ್ಣಿನಲ್ಲಿ ಬಿಸುಪು ಇರುವ ಕಾಲ. ಎಲೆ ಹೆಚ್ಚು ನೀರು ಬಿಡುವುದಿಲ್ಲ, ಬೇರು ಮಾತ್ರ ಬೆಳೆಯುತ್ತಿರುತ್ತದೆ. ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಳ್ಳೆಯ ಮಳೆಯಾಗುವುದರಿಂದ ಉತ್ತರೆ, ಹಸ್ತ ಮಳೆಯ ಹೊತ್ತೂ ಆಗಬಹುದು. ಕರಾವಳಿ ಮತ್ತು ಮಲೆನಾಡಿನಲ್ಲಿ ಮುಂಗಾರಿನ ನಡುವೆ ಗುಂಡಿ ತೋಡಿದರೆ ಅದು ಬಾವಿಯಾಗುತ್ತದೆ. ಅಲ್ಲಿ ಜೂನ್ ಮೊದಲ ಮಳೆಗಳಲ್ಲೇ ಮುಗಿಸಬೇಕು, ಇಲ್ಲವೇ ಸೆಪ್ಟೆಂಬರಿನಲ್ಲಿ ಜಡಿಮಳೆ ಇಳಿಯುವವರೆಗೆ ಕಾಯಬೇಕು.

ಆಷಾಢದಲ್ಲಿ ಮನೆ ಬದಲಿಸುವುದಿಲ್ಲ ಎನ್ನುವವರು ಬಹಳ. ಗಿಡಕ್ಕೆ ಆಷಾಢದ ಹಂಗಿಲ್ಲ, ಅದಕ್ಕೆ ಅದೇ ಶುಭಕಾಲ. ಹೊಸ ಮನೆಯ ಕೀಲಿಕೈ ಸಿಕ್ಕಿದ್ದರೆ ಮರ ಆಷಾಢದಲ್ಲೇ ಹೋಗಲಿ, ಮನೆಮಂದಿ ಶ್ರಾವಣದಲ್ಲಿ ಹಿಂಬಾಲಿಸಲಿ. ದಿನಾ ನೀರು ನೋಡಿಕೊಳ್ಳಲು ಅಲ್ಲೊಬ್ಬರು ಇದ್ದರೆ ಸಾಕು.

ಶಾಲೆ ಶುರುವಾಗುವ ಮೊದಲು, ಮೇ ತಿಂಗಳಲ್ಲೇ ಹೊರಡಬೇಕಿದೆ. ಏನು ಮಾಡಲಿ?

ಹೊಸದಾಗಿ ಬರುವವರನ್ನೋ ಮಾಲೀಕರನ್ನೋ ಕೇಳಿಕೊಂಡು ಮರವನ್ನು ಜೂನ್‌ವರೆಗೆ ಅಲ್ಲೇ ಬಿಡುವುದು ಮೊದಲ ಆಯ್ಕೆ. ‘ಜೂನ್ ಮೂರನೇ ವಾರ ಬಂದು ಒಯ್ಯುತ್ತೇವೆ, ಗುಂಡಿ ಮುಚ್ಚಿಕೊಡುತ್ತೇವೆ’ ಎಂದು ಬರವಣಿಗೆಯಲ್ಲಿ ಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ.

ಒಪ್ಪದಿದ್ದರೆ ಏಪ್ರಿಲ್ ಹೊತ್ತಿಗೇ ಬೇರಿನ ತಯಾರಿ ಮಾಡಿಕೊಂಡು, ಹೊರಡುವ ದಿನ ಮರವನ್ನು ನೆಲದಿಂದ ಎತ್ತಿ, ಅರ್ಧಕ್ಕೆ ಕತ್ತರಿಸಿದ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಕೂರಿಸಿ. ಡ್ರಮ್ಮಿನ ತಳದಲ್ಲಿ ಬೆರಳು ತೂರುವಷ್ಟು ಅಗಲದ ಆರೇಳು ತೂತುಗಳಿರಲಿ. ಹೊಸ ಮನೆಯಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು, ಮಳೆ ಹಿಡಿದ ಮೇಲೆ ನೆಲಕ್ಕೆ ಇಳಿಸಬಹುದು. ಡ್ರಮ್ಮನ್ನು ಬಿಸಿಲಿಗೆ ಕಾದ ಸಿಮೆಂಟ್ ನೆಲದ ಮೇಲೆ ಇಡಬೇಡಿ. ಕೆಳಗೆ ಎರಡು ಇಟ್ಟಿಗೆ ಕೊಡಿ.

ಬಾಡಿಗೆ ಮನೆಯಲ್ಲಿ ನಾನೇ ನೆಟ್ಟ ಮರ. ಮಾಲೀಕರು ತಡೆಯಬಹುದೇ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆದಾರರ ಪರವಾಗಿಯೇ ಇದೆ. ಬೇರೆ ಕರಾರು ಇಲ್ಲದಿದ್ದಲ್ಲಿ, ಆಸ್ತಿ ತನ್ನ ಸ್ವಾಧೀನದಲ್ಲಿರುವವರೆಗೆ ತಾನು ನೆಲಕ್ಕೆ ಸೇರಿಸಿದ್ದನ್ನು ಬಾಡಿಗೆದಾರ ತೆಗೆದುಕೊಂಡು ಹೋಗಬಹುದು, ಆದರೆ ಜಾಗವನ್ನು ತಾನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಅಂದರೆ ಗುಂಡಿ ಮುಚ್ಚುವುದು ಸೌಜನ್ಯವಷ್ಟೇ ಅಲ್ಲ, ಷರತ್ತು. ನೀವು ಬರುವ ಮೊದಲೇ ಇದ್ದ ಮರಕ್ಕೆ ಈ ಮಾತು ಅನ್ವಯಿಸುವುದಿಲ್ಲ, ನೀವು ಹತ್ತು ವರ್ಷ ನೀರು ಹಾಕಿದ್ದರೂ ಸರಿ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಗಿಡಮರಗಳ ಬಗ್ಗೆ ಸಾಲೊಂದು ಅಡಗಿರಬಹುದು, ಓದಿ ನೋಡಿ. ಮಾಲೀಕರ ಒಪ್ಪಿಗೆಯನ್ನು ಮೊಬೈಲ್ ಸಂದೇಶದಲ್ಲಾದರೂ ಪಡೆದಿಟ್ಟುಕೊಂಡರೆ ಮುಂಗಡ ಹಣ ವಾಪಸಾಗುವಾಗ ತಕರಾರು ಇರುವುದಿಲ್ಲ.

ಸ್ವಂತ ಮನೆ ಮಾರಿ ಹೋಗುತ್ತಿದ್ದರೆ ಲೆಕ್ಕ ತಿರುಗುಮುರುಗು. ನೆಲ ಮಾರಿದಾಗ ನೆಲಕ್ಕೆ ಅಂಟಿದ್ದೆಲ್ಲವೂ ಕೊಂಡವರದು. ಮರ ಬೇಕಿದ್ದರೆ ಕ್ರಯದ ಕರಾರಿನಲ್ಲೇ ಬರೆಸಿ.

ಸರ್ಕಾರದ ಅನುಮತಿ ಬೇಕೇ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಹೂಮರಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ತೋಳಿಗಿಂತ ತೆಳುವಾದ ಎಳೆಯ ಗಿಡಕ್ಕಾಗಿ ಯಾರೂ ನಿಮ್ಮ ಗೇಟು ತಟ್ಟಲಾರರು. ಆದರೂ ಕಾಂಡ ದಪ್ಪವಾಗಿದ್ದರೆ ಪಾಲಿಕೆಯ ಅರಣ್ಯ ವಿಭಾಗದಲ್ಲೋ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲೋ ವಿಚಾರಿಸಿಯೇ ಹಾರೆ ಎತ್ತಿ. ಕಾಂಪೌಂಡಿನ ಹೊರಗೆ, ಪಾದಚಾರಿ ಮಾರ್ಗದಲ್ಲಿ ನೀವು ನೆಟ್ಟ ಮರ ನಿಮ್ಮದಲ್ಲ, ಅದು ಸಾರ್ವಜನಿಕರದು. ಇನ್ನು ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧವಿದ್ದರೆ ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಲೇಬೇಡಿ.

ಬುಡದ ಸುತ್ತ ಎಷ್ಟು ಮಣ್ಣು ಬೇಕು? ಎಷ್ಟು ಭಾರವಾಗುತ್ತದೆ?

ನೆಲದಿಂದ ಗೇಣೆತ್ತರದಲ್ಲಿ ಕಾಂಡಕ್ಕೆ ಒಂದು ದಾರ ಸುತ್ತಿ ಅಳತೆ ತೆಗೆಯಿರಿ. ಆ ದಾರದ ಮೂರೂವರೆಯಿಂದ ನಾಲ್ಕು ಪಟ್ಟು ಅಗಲದ ಮಣ್ಣುಂಡೆ ಬೇಕು. ದಾರ 12 ಸೆಂಟಿಮೀಟರ್ ಬಂದರೆ ಮಣ್ಣುಂಡೆ ಸುಮಾರು 45 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಆಳ. ಹಸಿ ಮಣ್ಣಿನ ತೂಕ ಕಡಿಮೆಯಲ್ಲ. ಇಷ್ಟಕ್ಕೇ ಎಪ್ಪತ್ತು ಎಂಬತ್ತು ಕಿಲೋ ಆಗುತ್ತದೆ. ಅಗಲ 60 ಸೆಂಟಿಮೀಟರಿಗೆ ಏರಿತೆಂದರೆ ಒಂದೂವರೆ ಕ್ವಿಂಟಾಲ್ ದಾಟುತ್ತದೆ. ‘ಇನ್ನೂ ಸ್ವಲ್ಪ ಮಣ್ಣು ಇರಲಿ’ ಎನ್ನುವ ಮೊದಲು ಗೇಟಿನ ಅಗಲವನ್ನೂ ಜೊತೆಗಿರುವವರ ಸೊಂಟವನ್ನೂ ನೆನೆಯಿರಿ.

ಬೇರಿನ ತಯಾರಿ ಎಂದರೇನು?

ಕೀಳುವ ಆರರಿಂದ ಎಂಟು ವಾರ ಮೊದಲು ಬೇರನ್ನು ಬೇಕೆಂದೇ ಕತ್ತರಿಸುವುದು. ಇಡೀ ಕೆಲಸದಲ್ಲಿ ಫಲ ಕೊಡುವ ಹಂತ ಇದೊಂದೇ, ಜನ ಬಿಟ್ಟುಬಿಡುವುದೂ ಇದನ್ನೇ.

ಮಣ್ಣುಂಡೆಯ ಅಂಚು ಎಲ್ಲಿ ಬರಬೇಕೋ ಅದಕ್ಕಿಂತ ನಾಲ್ಕು ಬೆರಳು ಒಳಗೆ ಬೂದಿಯಿಂದ ವೃತ್ತ ಎಳೆಯಿರಿ. ಅರ್ಧ ವೃತ್ತದ ಉದ್ದಕ್ಕೂ ಸನಿಕೆಯಗಲದ, ಒಂದಡಿಗಿಂತ ಸ್ವಲ್ಪ ಹೆಚ್ಚು ಆಳದ ಕಾಲುವೆ ತೋಡಿ. ಸಿಕ್ಕ ಬೇರುಗಳನ್ನು ಹಾರೆಯಿಂದ ಜಜ್ಜಬೇಡಿ, ಹರಿತವಾದ ಕತ್ತರಿಯಿಂದಲೋ ಗರಗಸದಿಂದಲೋ ನೇರವಾಗಿ ಕತ್ತರಿಸಿ. ಜಜ್ಜಿದ ಬೇರು ಕೊಳೆಯುತ್ತದೆ, ಗೆದ್ದಲನ್ನೂ ಕರೆಯುತ್ತದೆ. ತೆಗೆದ ಮಣ್ಣಿಗೆ ಒಂದು ಪಾಲು ಹಳೆಯ ಎಲೆಗೊಬ್ಬರ ಬೆರೆಸಿ ಕಾಲುವೆಗೆ ಸಡಿಲವಾಗಿ ತುಂಬಿ, ನೀರು ಬಿಡಿ. ಮೂರು ವಾರ ಕಳೆದ ಮೇಲೆ ಉಳಿದರ್ಧಕ್ಕೂ ಹೀಗೆಯೇ ಮಾಡಿ. ಒಂದೇ ದಿನ ಪೂರ್ತಿ ಸುತ್ತು ಕತ್ತರಿಸಿದರೆ ಮರ ಅಲ್ಲೇ ಬಾಡುತ್ತದೆ.

ಕೆಲವು ವಾರ ಬಿಟ್ಟು ಕಾಲುವೆಯ ಮಣ್ಣನ್ನು ಕೈಯಿಂದ ಮೆಲ್ಲಗೆ ಸರಿಸಿ ನೋಡಿ. ಕಡ್ಡಿಯಷ್ಟು ದಪ್ಪದ ಬೇರು ತುಂಡಾದ ಅಂಚಿನಲ್ಲಿ ಮೊದಲು ಉಬ್ಬಿದ ಗಂಟು ಕಾಣುತ್ತದೆ. ಅದರ ಸುತ್ತಲಿಂದ ಶ್ಯಾವಿಗೆಯೆಳೆಯಂಥ ಬಿಳಿಬೇರುಗಳು ಹೊರಟು ಎಲೆಗೊಬ್ಬರದ ತುಣುಕುಗಳನ್ನು ಹಿಡಿದುಕೊಂಡಿರುತ್ತವೆ. ಮರದ ಜೊತೆ ಪ್ರಯಾಣ ಮಾಡಬೇಕಾದವು ಇವೇ. ಇವು ಕಂಡರೆ ಗಾಡಿ ಗೊತ್ತು ಮಾಡಬಹುದು. ಕಾಣದಿದ್ದರೆ ಇನ್ನೂ ಹದಿನೈದು ದಿನ ತಡೆಯಿರಿ.

ಕೀಳುವ ದಿನ ಹೇಗೆ ನಡೆಯಬೇಕು?

ಹಿಂದಿನ ದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರು ಕೊಡಿ. ಒಣ ಮಣ್ಣು ಪುಡಿಯಾಗಿ ಉದುರುತ್ತದೆ, ಕೆಸರು ಜಾರುತ್ತದೆ, ಹದವಾದ ತೇವವಿದ್ದರೆ ಉಂಡೆ ನಿಲ್ಲುತ್ತದೆ. ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಎರೆ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಒದ್ದೆಯಾದರೆ ಸನಿಕೆಗೆ ಮೆತ್ತಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಮಳೆ ನಿಂತು ಎರಡು ದಿನ ಬಿಟ್ಟು ಅಗೆಯಬೇಕು. ಕರಾವಳಿಯ ಮರಳು ಮಣ್ಣಿನಲ್ಲಿ ಉಂಡೆ ನಿಲ್ಲುವುದೇ ಇಲ್ಲ. ತಳ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿ ಬುಡದ ಸುತ್ತ ಬಿಗಿದು, ಅದರ ಸಮೇತ ಎತ್ತುವುದೇ ದಾರಿ.

ಮೊದಲು ಕೊಂಬೆಗಳನ್ನು ಹಳೆಯ ಸೀರೆಯ ಪಟ್ಟಿಯಿಂದ ಮೇಲ್ಮುಖವಾಗಿ ಸೇರಿಸಿ ಕಟ್ಟಿ. ಹಳೆಯ ಕಾಲುವೆಯ ಹೊರ ಅಂಚಿನಲ್ಲಿ ಅಗೆಯಲು ಶುರುಮಾಡಿ, ಒಳಗಿನ ಹೊಸ ಬೇರುಗಳಿಗೆ ಸನಿಕೆ ತಾಗಬಾರದು. ಬೇಕಾದಷ್ಟು ಆಳ ಇಳಿದ ಮೇಲೆ ಬಾಣಲೆಯ ತಳದಂತೆ ಒಳಮುಖವಾಗಿ ಕೆರೆಯುತ್ತಾ ಬನ್ನಿ. ನಡುವೆ ತಾಯಿಬೇರು ಸಿಕ್ಕರೆ ಗರಗಸ ಹಾಕಿ. ಒಬ್ಬರು ಮರವನ್ನು ಒಂದು ಮಗ್ಗುಲಿಗೆ ಸ್ವಲ್ಪವೇ ವಾಲಿಸಲಿ, ಇನ್ನೊಬ್ಬರು ಅರ್ಧ ಸುರುಳಿ ಸುತ್ತಿದ ಗೋಣಿತಾಟನ್ನು ಅಡಿಗೆ ತೂರಿಸಲಿ. ಆಮೇಲೆ ಇನ್ನೊಂದು ಮಗ್ಗುಲಿಗೆ ವಾಲಿಸಿ ಸುರುಳಿ ಬಿಡಿಸಿ. ತಾಟಿನ ನಾಲ್ಕು ಮೂಲೆಗಳನ್ನು ಎಳೆದು ಬುಡದ ಬಳಿ ಗಂಟು ಹಾಕಿ, ಸೆಣಬಿನ ಹಗ್ಗವನ್ನು ಅಡ್ಡಡ್ಡ ಬಿಗಿದರೆ ಉಂಡೆ ಅಲುಗುವುದಿಲ್ಲ. ಎತ್ತುವಾಗ ಕೈ ಇರಬೇಕಾದ್ದು ಗೋಣಿಯ ಅಡಿಯಲ್ಲಿ. ಕಾಂಡ ಹಿಡಿದು ಎತ್ತಿದರೆ ಮಣ್ಣಿನ ಭಾರವೆಲ್ಲ ಬೇರಿನ ಮೇಲೆ ಬಿದ್ದು ಒಳಗೊಳಗೇ ಹರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಹತ್ತು ದಿನ ಬಿಟ್ಟು ಗೊತ್ತಾಗುತ್ತದೆ.

ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಬೇಕು ಎನ್ನುತ್ತಾರಲ್ಲ?

ಬೇರು ಅರ್ಧವಾದರೆ ಕೊಂಬೆಯೂ ಅರ್ಧವಾಗಲಿ ಎನ್ನುವುದು ಹಳೆಯ ವಾದ. ಆದರೆ ಹೊಸ ಬೇರು ಬರಲು ಬೇಕಾದ ಆಹಾರವನ್ನು ಮಾಡುವುದು ಎಲೆಗಳೇ, ಕೊಂಬೆಯ ತುದಿಯ ಕುಡಿಗಳೇ ಬೇರಿಗೆ ಬೆಳೆಯುವ ಸೂಚನೆ ಕಳಿಸುವುದು. ಬೋಳಿಸಿದರೆ ಎರಡೂ ಹೋಯಿತು. ಮುರಿದದ್ದು, ಒಣಗಿದ್ದು, ಒಂದಕ್ಕೊಂದು ಉಜ್ಜುವುದು ಇಷ್ಟನ್ನು ತೆಗೆಯಿರಿ. ಸಂಪಿಗೆಯಂಥ ಅಗಲ ಎಲೆಯ ಮರವಾದರೆ, ಬಿಸಿಲು ಜೋರಾಗಿದ್ದರೆ, ಎಲೆಗಳಲ್ಲಿ ಮೂರರಲ್ಲೊಂದು ಭಾಗ ಕಿತ್ತರೂ ಸರಿ, ಕೊಂಬೆ ಉಳಿಯಲಿ. ಹೂ, ಮೊಗ್ಗು, ಕಾಯಿಗಳನ್ನು ಮಾತ್ರ ಮುಲಾಜಿಲ್ಲದೆ ತೆಗೆಯಬೇಕು.

ಸಾಗಿಸುವುದು ಹೇಗೆ?

ಇಂದ್ರನ ತೋಟದಿಂದ ಪಾರಿಜಾತ ಕಿತ್ತು ತಂದ ಕೃಷ್ಣನಿಗೆ ಗರುಡವಾಹನವಿತ್ತು. ನಮಗಿರುವುದು ಟಾಟಾ ಏಸ್. ಗಾಡಿಯಲ್ಲಿ ಮರವನ್ನು ಮಲಗಿಸಿ, ಉಂಡೆ ಚಾಲಕನ ಕಡೆಗೂ ತುದಿ ಹಿಂದಕ್ಕೂ ಇರಲಿ. ಉಂಡೆ ಉರುಳದಂತೆ ಎರಡೂ ಪಕ್ಕ ಮರಳಿನ ಚೀಲ ಕೊಡಿ. ದಾರಿಯಲ್ಲಿ ಗಿಡವನ್ನು ಕೊಲ್ಲುವುದು ಅಲುಗಾಟಕ್ಕಿಂತ ಗಾಳಿ. ತೆರೆದ ಗಾಡಿಯಲ್ಲಿ ಒಂದು ಗಂಟೆಯ ಬೀಸುಗಾಳಿಗೆ ಎಲೆ ಒಣಗಿ ಗರಿಗರಿಯಾಗುತ್ತದೆ. ಒದ್ದೆ ಬಟ್ಟೆಯಿಂದಲೋ ನೆರಳು ಪರದೆಯಿಂದಲೋ ತುದಿಯವರೆಗೆ ಹೊದಿಸಿ. ಟಾರ್ಪಾಲ್ ಬಿಗಿದು ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗೆ ಬೆಂದುಹೋಗುತ್ತದೆ. ಸಂಜೆ ನಾಲ್ಕರ ಮೇಲೆ ಕಿತ್ತು, ರಾತ್ರಿ ಸಾಗಿಸಿ, ಬೆಳಗಾಗುವುದರೊಳಗೆ ನೆಡುವುದು ಎಲ್ಲಕ್ಕಿಂತ ಒಳ್ಳೆಯದು.

ಹೊಸ ಮನೆಯಲ್ಲಿ ಗುಂಡಿ ಎಲ್ಲಿ, ಹೇಗೆ?

ಗುಂಡಿ ಮರ ಹೊರಡುವ ಮೊದಲೇ ಸಿದ್ಧವಿರಬೇಕು. ಕಾಂಪೌಂಡು, ಸಂಪು, ಒಳಚರಂಡಿ ಕೊಳವೆಗಳಿಂದ ಎರಡು ಮೂರು ಮೀಟರ್ ದೂರವಿರಲಿ, ತಲೆಯೆತ್ತಿ ವಿದ್ಯುತ್ ತಂತಿಯನ್ನೂ ನೋಡಿ. ಹೊಸ ಬಡಾವಣೆಗಳ ದೊಡ್ಡ ತೊಂದರೆ ಮಣ್ಣಿನದೇ. ಮನೆ ಕಟ್ಟಿ ಉಳಿದ ಸಿಮೆಂಟ್, ಇಟ್ಟಿಗೆ ಚೂರು, ಸುಣ್ಣ ಎಲ್ಲವನ್ನೂ ಅಂಗಳದಲ್ಲೇ ಹೂತು ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿರುತ್ತಾರೆ. ಅದನ್ನೆಲ್ಲ ಹೊರಗೆ ಹಾಕಿ ಒಳ್ಳೆಯ ಮಣ್ಣು ತರಿಸಿ.

ಗುಂಡಿಯ ಅಗಲ ಮಣ್ಣುಂಡೆಯ ಎರಡು ಮೂರು ಪಟ್ಟು, ಆಳ ಮಾತ್ರ ಉಂಡೆಯಷ್ಟೇ. ಆಳ ಹೆಚ್ಚಾದರೆ ಕೆಳಗಿನ ಸಡಿಲ ಮಣ್ಣು ಕುಸಿದು ಮರ ಹೂತುಹೋಗುತ್ತದೆ. ಬುಡದಲ್ಲಿ ಕಾಂಡ ಅಗಲವಾಗಿ ಬೇರಾಗಿ ತಿರುಗುವ ಜಾಗ ನೆಲದ ಮಟ್ಟದಲ್ಲಿ ಕಾಣಬೇಕು. ನೆಡುವ ಮೊದಲು ಗುಂಡಿಗೆ ಎರಡು ಬಕೆಟ್ ನೀರು ಸುರಿದು ನೋಡಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಏರು ಮಾಡಿ ನೆಡಬೇಕು, ಇಲ್ಲವೇ ಜಾಗ ಬದಲಿಸಬೇಕು.

ಉಂಡೆಯನ್ನು ಇಳಿಸಿದ ಮೇಲೆ ಹಗ್ಗ ಬಿಚ್ಚಿ ಗೋಣಿಯನ್ನು ಎಳೆದು ತೆಗೆಯಿರಿ. ತಳದ್ದು ಬಾರದಿದ್ದರೆ ಬಂದಷ್ಟು ಕತ್ತರಿಸಿ. ಪ್ಲಾಸ್ಟಿಕ್ ಚೀಲವಾದರೆ ಒಂದೆಳೆಯೂ ಒಳಗೆ ಉಳಿಯಬಾರದು. ತೆಗೆದ ಮಣ್ಣನ್ನೇ ತುಂಬಿ, ಅರ್ಧ ತುಂಬಿದಾಗ ನೀರು ಬಿಟ್ಟು ಕೂರಿಸಿ, ಉಳಿದದ್ದು ಹಾಕಿ. ಕಾಲಿನಿಂದ ತುಳಿದು ಗಟ್ಟಿ ಮಾಡುವ ಚಪಲವನ್ನು ತಡೆದುಕೊಳ್ಳಿ. ಮರ ಅಲುಗುವಂತಿದ್ದರೆ ಉಂಡೆಯ ಹೊರಗೆ ಎರಡು ಗೂಟ ನೆಟ್ಟು, ಬಟ್ಟೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ವರ್ಷದೊಳಗೆ ಬಿಚ್ಚುವುದನ್ನು ಮರೆಯಬೇಡಿ, ಕಟ್ಟು ತೊಗಟೆಗೆ ಇಳಿದ ಎಷ್ಟೋ ಮರಗಳು ನಮ್ಮ ಬೀದಿಗಳಲ್ಲಿವೆ.

ಏನು ಗೊಬ್ಬರ ಹಾಕಲಿ?

ಏನೂ ಬೇಡ. ಹೊಸ ಚಿಗುರು ಬಂದು ಎಲೆ ಬಲಿಯುವವರೆಗೆ ಯೂರಿಯಾ, ಡಿಎಪಿ, ಹಸಿ ಸಗಣಿ ಎಲ್ಲವೂ ಗಾಯಗೊಂಡ ಬೇರಿಗೆ ಹಾನಿಯೇ. ಗೆದ್ದಲಿನ ಕಾಟವಿದ್ದರೆ ಒಂದೆರಡು ಹಿಡಿ ಬೇವಿನ ಹಿಂಡಿ ಸಾಕು.

ನೀರು ಎಷ್ಟು?

ಮೊದಲ ಎರಡು ವಾರ ಮಳೆಯಿಲ್ಲದ ದಿನ ಒಂದು ಬಕೆಟ್, ಆಮೇಲೆ ಎರಡು ಮೂರು ದಿನಕ್ಕೊಮ್ಮೆ. ಇದು ಅಂದಾಜು, ನಿಜವಾದ ಅಳತೆ ನಿಮ್ಮ ಬೆರಳು. ಮಣ್ಣುಂಡೆಯ ಒಳಗೇ ಬೆರಳು ಚುಚ್ಚಿ ನೋಡಬೇಕು, ಸುತ್ತಲಿನ ಮಣ್ಣಿನಲ್ಲಲ್ಲ. ಬೇರುಗಳೆಲ್ಲ ಉಂಡೆಯಲ್ಲಿರುವುದರಿಂದ ಸುತ್ತ ಹಸಿಯಾಗಿದ್ದರೂ ಅದು ಮೊದಲು ಒಣಗುತ್ತದೆ. ಹಾಗೆಂದು ಪಾತಿಯಲ್ಲಿ ಸದಾ ನೀರು ನಿಲ್ಲಿಸಿದರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಆಗಲೂ ಎಲೆ ಬಾಡುತ್ತದೆ, ಬಾಡಿತೆಂದು ಇನ್ನಷ್ಟು ನೀರು ಹಾಕುತ್ತೇವೆ.

ಒಣ ಎಲೆ, ತೆಂಗಿನ ನಾರನ್ನು ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಹೆಚ್ಚು, ಅದು ನೆಲ ಒರೆಸಲು ಇರಲಿ.

ನೆಟ್ಟ ವಾರದಲ್ಲೇ ಎಲೆಯೆಲ್ಲ ಉದುರಿತು. ಸತ್ತುಹೋಯಿತೇ?

ಎಲೆ ಉದುರಿದರೆ ಗಾಬರಿ ಬೇಡ. ಎಲೆ ಒಣಗಿ ಕಂದಾಗಿ ಉದುರದೆ ಅಂಟಿಕೊಂಡೇ ಇದ್ದರೆ ಯೋಚಿಸಬೇಕು. ಉದುರಿಸುವುದಕ್ಕೂ ಕೊಂಬೆಯಲ್ಲಿ ಜೀವ ಬೇಕು. ಎಳೆಯ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸಾಸಿವೆಯಷ್ಟು ಕೆರೆದು ನೋಡಿ. ಅಡಿಯಲ್ಲಿ ಹಸಿರು, ಒದ್ದೆ ಇದ್ದರೆ ಜೀವವಿದೆ. ಕಂದು, ಒಣ ಇದ್ದರೆ ಕೆಳಗಿನ ಕೊಂಬೆಯಲ್ಲಿ ನೋಡಿ, ಆಮೇಲೆ ಕಾಂಡದಲ್ಲಿ. ಹಸಿರು ಸಿಕ್ಕಲ್ಲಿವರೆಗೆ ಒಣಗಿದ್ದನ್ನು ಕತ್ತರಿಸಿ ಕಾಯಿರಿ. ಮಳೆಗಾಲದಲ್ಲಿ ನೆಟ್ಟದ್ದು ದೀಪಾವಳಿ ಕಳೆದರೂ ಚಿಗುರದಿದ್ದರೆ, ಬುಡದಲ್ಲೂ ಹಸಿರು ಇಲ್ಲದಿದ್ದರೆ, ಆಸೆ ಬಿಡಬಹುದು.

ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇವೆ, ನೆಲವೇ ಇಲ್ಲ.

ದೇವಕಣಗಿಲೆ, ಸಣ್ಣ ತಾಳೆಗಳನ್ನು ಬಿಟ್ಟರೆ ಉಳಿದವು ಬಾಲ್ಕನಿಯಲ್ಲಿ ಸೊರಗುತ್ತವೆ. ಒದ್ದೆ ಮಣ್ಣು ತುಂಬಿದ ಅರ್ಧ ಡ್ರಮ್ ನೂರು ಕಿಲೋ ಮೀರುತ್ತದೆ ಎಂಬುದೂ ನೆನಪಿರಲಿ. ಸಂಘದವರನ್ನು ಕೇಳಿದರೆ ಆವರಣದಲ್ಲಿ ಒಂದು ಗುಂಡಿಗೆ ಜಾಗ ಸಿಗಬಹುದು. ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಸಭೆಗೆ ಹೋಗಿ.

ಮರ ಒಯ್ಯಲಾಗುವುದಿಲ್ಲ. ಅದರದೇ ಸಂತಾನ ಬೇಕು.

ದೇವಕಣಗಿಲೆಯಾದರೆ ಒಂದು ಕೊಂಬೆ ಸಾಕು. ಮೊಳದುದ್ದ ಕತ್ತರಿಸಿ, ಹಾಲು ಆರುವವರೆಗೆ ಒಂದು ವಾರ ನೆರಳಿನಲ್ಲಿಟ್ಟು ನೆಡಿ. ಹಲವು ಮರಗಳಿಗೆ ಗೂಟಿ ಕಟ್ಟಬಹುದು. ಹೆಬ್ಬೆರಳಿನಷ್ಟು ದಪ್ಪದ ಕೊಂಬೆಯಲ್ಲಿ ಒಂದಂಗುಲ ಅಗಲಕ್ಕೆ ತೊಗಟೆಯನ್ನು ಬಳೆಯಂತೆ ಸುತ್ತ ತೆಗೆದು, ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಮುದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿಯಾಗಿ ಕಟ್ಟಿ. ಮಳೆಗಾಲದಲ್ಲಿ ಒಂದೆರಡು ತಿಂಗಳಲ್ಲಿ ಹಾಳೆಯೊಳಗೆ ಬೇರು ಕಾಣುತ್ತದೆ. ಅದರ ಕೆಳಗೆ ಕತ್ತರಿಸಿ ಕುಂಡಕ್ಕೆ ಹಾಕಿದರೆ ಹೂವಿನ ಬಣ್ಣ, ಪರಿಮಳ ಎಲ್ಲ ತಾಯಿಮರದ್ದೇ. ಮನೆ ಖಾಲಿ ಮಾಡಲು ಮೂರು ತಿಂಗಳಿದ್ದರೆ ಎರಡು ಮೂರು ಕೊಂಬೆಗೆ ಕಟ್ಟಿಡಿ, ಎಲ್ಲವೂ ಹಿಡಿಯುವುದಿಲ್ಲ. ಪಾರಿಜಾತದ ಬೀಜವೂ ಸುಲಭವಾಗಿ ಮೊಳೆಯುತ್ತದೆ, ಬುಡದಲ್ಲೇ ಬಿದ್ದು ಹುಟ್ಟಿದ ಸಸಿ ಇದ್ದರಂತೂ ಗೂಟಿಯ ಶ್ರಮವೂ ಬೇಡ.

ಮತ್ತೆ ಹೂ ಯಾವಾಗ?

ಮೊದಲ ವರ್ಷ ಹೂ ಬಂದರೂ ಮೊಗ್ಗಿನಲ್ಲೇ ಚಿವುಟುವುದು ಮರಕ್ಕೆ ಒಳ್ಳೆಯದು. ಹೆಚ್ಚಿನವು ಎರಡನೇ ಋತುವಿಗೆ ಬಿಡುತ್ತವೆ. ಸಂಪಿಗೆ, ಬಕುಳಗಳಿಗೆ ಇನ್ನೂ ಒಂದೆರಡು ವರ್ಷ ಕೊಡಿ.

ವಿದೇಶಕ್ಕೆ ಒಯ್ಯಬಹುದೇ?

ಮಣ್ಣು ಅಂಟಿದ ಗಿಡವನ್ನು ಬಹುತೇಕ ಯಾವ ದೇಶವೂ ಒಳಗೆ ಬಿಡುವುದಿಲ್ಲ. ಮಣ್ಣಿಲ್ಲದ ಗಿಡಕ್ಕೂ ಸಾಮಾನ್ಯವಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ ಬೇಕು, ಬೀಜಕ್ಕೂ ಹಲವೆಡೆ ನಿಯಮವಿದೆ. ಸೂಟ್‌ಕೇಸಿನಲ್ಲಿ ಬಚ್ಚಿಟ್ಟ ಕಡ್ಡಿಗೆ ವಿಮಾನ ನಿಲ್ದಾಣದಲ್ಲಿ ದಂಡ ಕಟ್ಟಬೇಕಾಗಬಹುದು. ದೇವಕಣಗಿಲೆ ಅಮೆರಿಕದ ಫ್ಲಾರಿಡಾ, ಹವಾಯಿ, ಸಿಂಗಪುರ, ಆಸ್ಟ್ರೇಲಿಯದ ಬೆಚ್ಚಗಿನ ಊರುಗಳ ನರ್ಸರಿಗಳಲ್ಲೇ ಸಿಗುತ್ತದೆ. ಅಂಗಳದ ಮರವನ್ನು ಇಲ್ಲೇ ನೆಂಟರ ಮನೆಗೆ ಸಾಗಿಸಿ, ಅಲ್ಲಿಗೆ ಅಲ್ಲಿಯದನ್ನೇ ಕೊಳ್ಳಿ.